ಅಗ್ಗದ ಡಿಜಿಟಲ್ ಸ್ಕೇಲು: ಪರದೆಯ ಅಂಕಿಯನ್ನು ಎಲ್ಲಿಯವರೆಗೆ ನಂಬಬಹುದು?

ಸಂಪಾದಕರಿಗೆ,

ಮಾನ್ಯರೇ,

ಕೈಗಾರಿಕೆಯನ್ನು ಕುರಿತು ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ಸಿಎನ್‌ಸಿ (ಕಂಪ್ಯೂಟರಿನ ಹಿಡಿತದಲ್ಲಿ ನಡೆಯುವ) ಯಂತ್ರ, ರೋಬೋಟು, ಕೃತಕ ಬುದ್ಧಿಮತ್ತೆಗಳದ್ದೇ ಮಾತು. ಪೀಣ್ಯದ ಒಳರಸ್ತೆಗಳಲ್ಲಿ, ತುಮಕೂರಿನ ಅಂತರಸನಹಳ್ಳಿಯಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ ಇಬ್ಬರು ಮೂವರು ದುಡಿಯುವ ಶೆಡ್ಡುಗಳು ಇಂದಿಗೂ ಕೈಯಿಂದ ಹ್ಯಾಂಡಲ್ ತಿರುಗಿಸಿ ಲೋಹ ಕತ್ತರಿಸುವ ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳನ್ನೇ ನಂಬಿಕೊಂಡಿವೆ. ಈ ಯಂತ್ರಗಳಿಗೆ ಚೀನಾದಲ್ಲಿ ತಯಾರಾದ ಅಗ್ಗದ ಡಿಜಿಟಲ್ ಸ್ಕೇಲುಗಳನ್ನು (ಯಂತ್ರದ ಭಾಗ ಎಷ್ಟು ದೂರ ಸರಿಯಿತೆಂದು ಪರದೆಯ ಮೇಲೆ ಅಂಕಿಯಲ್ಲಿ ತೋರಿಸುವ ಅಳತೆಪಟ್ಟಿಗಳನ್ನು) ಜೋಡಿಸಿಕೊಳ್ಳುವ ರೂಢಿ ಈಚಿನ ವರ್ಷಗಳಲ್ಲಿ ಬೆಳೆದಿದೆ. ಅವುಗಳ ಬಗ್ಗೆ ನಾನು ಕೇಳುವ ಅಭಿಪ್ರಾಯಗಳು ಎರಡೇ. ಒಂದು, ಇವೆಲ್ಲ ಆಟಿಕೆಗಳು, ದುಡ್ಡು ದಂಡ ಎಂಬುದು. ಇನ್ನೊಂದು, ಪರದೆಯ ಮೇಲೆ 0.01 ಮಿ.ಮೀ. ಎಂದು ಕಾಣುತ್ತಿದೆಯಾದ್ದರಿಂದ ಜಾಬು (ಯಂತ್ರದಲ್ಲಿ ಕತ್ತರಿಸುವ ಬಿಡಿಭಾಗ) 0.01ಕ್ಕೆ ಸರಿಯಾಗಿದೆ ಎಂಬುದು. ಸ್ಕೇಲಿನೊಳಗೆ ನಡೆಯುವುದೇನು ಎಂದು ತಿಳಿದವರು ಈ ಎರಡರಲ್ಲಿ ಯಾವುದನ್ನೂ ಹೇಳಲಾರರು. ಐಟಿಐಯಲ್ಲಿ ಟರ್ನರ್ (ಲೇತ್ ನಡೆಸುವವರು) ಮತ್ತು ಫಿಟ್ಟರ್ ವಿದ್ಯಾರ್ಥಿಗಳಿಗೆ ಬಹುಕಾಲ ಪಾಠ ಹೇಳಿದವನಾಗಿ ಇದನ್ನು ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೋರುತ್ತೇನೆ.

ಮೊದಲಿಗೆ, ಸ್ಕೇಲು ಏಕೆ ಬೇಕು ಎಂಬುದು. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿಯ ಲೇತ್‌ಗಳು ನಮ್ಮ ಅನೇಕ ಶೆಡ್ಡುಗಳಲ್ಲಿ ಇನ್ನೂ ಓಡುತ್ತಿವೆ. ಬೆಡ್ಡು (ಯಂತ್ರದ ತಳ) ಗಟ್ಟಿಯಾಗಿಯೇ ಇದ್ದರೂ ಕ್ರಾಸ್ ಸ್ಲೈಡಿನ (ಕತ್ತರಿಸುವ ಟೂಲನ್ನು ಜಾಬಿನತ್ತ ಹಿಂದೆ ಮುಂದೆ ಸರಿಸುವ ಭಾಗದ) ಸ್ಕ್ರೂ ಮತ್ತು ನಟ್ಟು ಸವೆದಿರುತ್ತವೆ. ಅದೂ ಎಲ್ಲ ಕಡೆ ಒಂದೇ ಸಮನೆ ಸವೆಯದೆ, ದಿನನಿತ್ಯ ಹೆಚ್ಚು ಓಡಾಡುವ ನಡುಭಾಗದಲ್ಲಿ ಹೆಚ್ಚು ಸವೆದಿರುತ್ತವೆ. ಹ್ಯಾಂಡಲ್ಲಿನ ಡಯಲ್ಲು ಅಳೆಯುವುದು ಸ್ಕ್ರೂ ಎಷ್ಟು ತಿರುಗಿತು ಎಂಬುದನ್ನೇ ಹೊರತು ಟೂಲು ಎಷ್ಟು ಸರಿಯಿತು ಎಂಬುದನ್ನಲ್ಲ. ಸವೆತದಿಂದ ಸ್ಕ್ರೂ ನಟ್ಟುಗಳ ನಡುವೆ ಸಡಿಲವಿರುವಾಗ, ದಿಕ್ಕು ಬದಲಿಸಿದರೆ ಹ್ಯಾಂಡಲ್ಲು ಸ್ವಲ್ಪ ತಿರುಗಿದರೂ ಟೂಲು ಸರಿಯದು. ಆದ್ದರಿಂದಲೇ ಅನುಭವಿ ಟರ್ನರು ಪ್ರತಿಸಲವೂ ಒಂದೇ ದಿಕ್ಕಿನಿಂದ ಬಂದು ಡಯಲ್ಲು ನಿಲ್ಲಿಸುತ್ತಾನೆ, ದಾಟಿಹೋದರೆ ಅರ್ಧ ಸುತ್ತು ಹಿಂದಕ್ಕೆ ಹೋಗಿ ಮತ್ತೆ ಬರುತ್ತಾನೆ. ಸ್ಲೈಡಿಗೇ ನೇರವಾಗಿ ಕೂಡಿಸಿದ ಸ್ಕೇಲಿಗೆ ಸ್ಕ್ರೂವಿನ ಗೊಡವೆಯೇ ಇಲ್ಲ. ಸ್ಕ್ರೂ ಎಷ್ಟೇ ಸಡಿಲವಾಗಿರಲಿ, ಸ್ಲೈಡು ಸರಿದಷ್ಟನ್ನು ಮಾತ್ರ ಅದು ತೋರಿಸುತ್ತದೆ.

ಅಗ್ಗದ ಸ್ಕೇಲುಗಳಲ್ಲಿ ಅತ್ಯಂತ ಅಗ್ಗದ್ದು, ಡಿಜಿಟಲ್ ವರ್ನಿಯರ್ ಎಂದು ನಾವು ಕರೆಯುವ ಕ್ಯಾಲಿಪರಿನ (ವಸ್ತುವನ್ನು ಎರಡು ದವಡೆಗಳ ನಡುವೆ ಹಿಡಿದು ಅಳೆಯುವ ಉಪಕರಣದ) ಒಳಗಿರುವುದೂ ಆಗಿರುವ, ಕೆಪಾಸಿಟರ್ (ಎದುರುಬದುರಾದ ಲೋಹದ ಪಟ್ಟಿಗಳಲ್ಲಿ ವಿದ್ಯುತ್ತನ್ನು ಹಿಡಿದಿಡುವ ಸಾಧನ) ತತ್ವದ ಸ್ಕೇಲು. 1980ರ ಆಸುಪಾಸಿನಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಸ್ವೀಡನ್ನಿನ ಅಳತೆ ಉಪಕರಣ ತಯಾರಕರು ರೂಪಿಸಿದ ತಂತ್ರ ಇದು. ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಯ ಮೇಲೆ ಅಂಟಿಸಿದ ಅಂಕಿಗಳ ಸ್ಟಿಕ್ಕರನ್ನು ಕಿತ್ತು ನೋಡಿದರೆ (ಕೆಟ್ಟುಹೋದ ಕ್ಯಾಲಿಪರು ಸಿಕ್ಕಿದಾಗ ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬೇಕು) ಅದರ ಕೆಳಗೆ ರೇಡಿಯೊ, ಟೀವಿಗಳಲ್ಲಿರುವಂಥ ಫೈಬರ್‌ಗ್ಲಾಸ್ ಸರ್ಕ್ಯೂಟ್ ಬೋರ್ಡು, ಅದರ ಮೇಲೆ ಉದ್ದಕ್ಕೂ ಒಂದೇ ಬಗೆಯಾಗಿ ಮರುಕಳಿಸುವ ತಾಮ್ರದ ಸಣ್ಣ ಪಟ್ಟಿಗಳು ಕಾಣುತ್ತವೆ. ಆ ವಿನ್ಯಾಸ ಸಾಮಾನ್ಯವಾಗಿ 5.08 ಮಿ.ಮೀ.ಗೊಮ್ಮೆ, ಅಂದರೆ ಇಂಚಿನ ಐದನೇ ಒಂದು ಭಾಗಕ್ಕೊಮ್ಮೆ ಮರುಕಳಿಸುತ್ತದೆ. ಸ್ಕೇಲಿನ ಈ ಬೋರ್ಡಿಗೆ ಯಾವ ತಂತಿಯೂ ಇಲ್ಲ, ವಿದ್ಯುತ್ತೂ ಇಲ್ಲ. ಇರುವ ಎಲೆಕ್ಟ್ರಾನಿಕ್ಸ್ ಎಲ್ಲವೂ ಅದರ ಮೇಲೆ ಜಾರುವ ಸ್ಲೈಡರಿನಲ್ಲಿದೆ.

ಸ್ಲೈಡರಿನ ತಳದಲ್ಲಿಯೂ ಒಂದು ಸರ್ಕ್ಯೂಟ್ ಬೋರ್ಡಿದೆ. ಸಾಮಾನ್ಯ ವಿನ್ಯಾಸದಲ್ಲಿ ಅದರ ಮೇಲೆ ತಾಮ್ರದ 48 ಕಿರುಪಟ್ಟಿಗಳು ಸಾಲಾಗಿರುತ್ತವೆ, ಎಂಟೆಂಟರ ಆರು ಗುಂಪುಗಳಾಗಿ. ಪ್ರತಿ ಗುಂಪಿನ ಎಂಟು ಪಟ್ಟಿಗಳಿಗೆ ಏರಿಳಿಯುವ ವಿದ್ಯುತ್ ಸಂಕೇತ ಹರಿಯುತ್ತದೆ. ಮೊದಲನೆಯದಕ್ಕಿಂತ ಎರಡನೆಯದು, ಎರಡನೆಯದಕ್ಕಿಂತ ಮೂರನೆಯದು ಹೀಗೆ ಒಂದೊಂದೂ ಒಂದು ಆವರ್ತದ (ಸಂಕೇತ ಒಮ್ಮೆ ಪೂರ್ತಿ ಏರಿ ಇಳಿಯುವ ಹೊತ್ತಿನ) ಎಂಟನೇ ಒಂದು ಭಾಗದಷ್ಟು ತಡವಾಗಿ. ಸ್ಲೈಡರಿಗೂ ಸ್ಕೇಲಿಗೂ ನಡುವೆ ತೀರ ಕಿರಿದಾದ ಗಾಳಿಯ ಸಂದು ಮಾತ್ರ ಇರುವುದರಿಂದ ಎದುರುಬದುರಾದ ಎರಡು ತಾಮ್ರದ ಪಟ್ಟಿಗಳು ಪುಟ್ಟ ಕೆಪಾಸಿಟರಿನಂತೆ ವರ್ತಿಸಿ ಸಂಕೇತವನ್ನು ಮುಟ್ಟದೆಯೇ ದಾಟಿಸುತ್ತವೆ. ಸ್ಕೇಲಿನ ಒಂದು ಪಟ್ಟಿ ಸ್ಲೈಡರಿನ ಸುಮಾರು ನಾಲ್ಕು ಕಿರುಪಟ್ಟಿಗಳನ್ನು ಮುಚ್ಚುವಷ್ಟು ಅಗಲವಿದೆ. ಆ ನಾಲ್ಕರ ಸಂಕೇತಗಳೂ ಅದರಲ್ಲಿ ಬೆರೆತು, ಅದೇ ಪಟ್ಟಿಯ ಇನ್ನೊಂದು ತುದಿಯಿಂದ ಸ್ಲೈಡರಿನಲ್ಲಿರುವ ಉದ್ದನೆಯ ಗ್ರಾಹಕ ಪಟ್ಟಿಗೆ ವಾಪಸು ದಾಟುತ್ತವೆ.

ಈಗ ಸ್ಲೈಡರನ್ನು ಕೂದಲೆಳೆಯಷ್ಟು ಸರಿಸಿದೆವೆಂದುಕೊಳ್ಳೋಣ. ಸ್ಕೇಲಿನ ಪಟ್ಟಿಯ ಕೆಳಗಿನಿಂದ ಒಂದು ಬದಿಯಲ್ಲಿ ಒಂದು ಕಿರುಪಟ್ಟಿ ಸ್ವಲ್ಪ ಹೊರಗೆ ಜಾರಿ, ಇನ್ನೊಂದು ಬದಿಯಲ್ಲಿ ಮತ್ತೊಂದು ಅಷ್ಟೇ ಒಳಗೆ ಬರುತ್ತದೆ. ಬೆರೆತ ಸಂಕೇತದಲ್ಲಿ ಮೊದಲನೆಯದರ ಪಾಲು ತಗ್ಗಿ ಎರಡನೆಯದರ ಪಾಲು ಹೆಚ್ಚುವುದರಿಂದ, ವಾಪಸು ಬರುವ ಸಂಕೇತ ತನ್ನ ಶಿಖರವನ್ನು ಮುಟ್ಟುವ ಹೊತ್ತು ತುಸು ಮುಂದಕ್ಕೋ ಹಿಂದಕ್ಕೋ ಜರುಗುತ್ತದೆ. 5.08 ಮಿ.ಮೀ. ಸರಿದರೆ ಈ ಜರುಗುವಿಕೆ ಸರಿಯಾಗಿ ಒಂದು ಪೂರ್ಣ ಆವರ್ತವಾಗುತ್ತದೆ; ಆದ್ದರಿಂದ ಈ ಉದ್ದವನ್ನೂ ಮುಂದೆ ಆವರ್ತ ಎಂದೇ ಕರೆಯುತ್ತೇನೆ. ಹೀಗೆ ದೂರವನ್ನು ಅಳೆಯಬೇಕಾದ ಕಷ್ಟದ ಕೆಲಸವು ಹೊತ್ತನ್ನು ಅಳೆಯುವ ಸುಲಭದ ಕೆಲಸವಾಗಿ ಮಾರ್ಪಡುತ್ತದೆ. ಹೊತ್ತನ್ನು ಅಳೆಯುವುದು ಅಗ್ಗದ ಚಿಪ್ಪಿಗೂ ಸಲೀಸು. ಎಷ್ಟು ಪೂರ್ಣ ಆವರ್ತಗಳು ಕಳೆದವು ಎಂಬುದನ್ನು ಚಿಪ್ಪು ಎಣಿಸುತ್ತದೆ, ಒಂದು ಆವರ್ತದೊಳಗೆ ಎಲ್ಲಿದ್ದೇವೆ ಎಂಬುದನ್ನು ಹೊತ್ತಿನಿಂದ ತಿಳಿಯುತ್ತದೆ.

ಈ ತಂತ್ರದ ಜಾಣತನಕ್ಕೆ ಸಿಗಬೇಕಾದ ಮೆಚ್ಚುಗೆ ಸಿಕ್ಕಿಲ್ಲವೆಂದು ನನ್ನ ಅಭಿಪ್ರಾಯ. ಸ್ಲೈಡರು ಸ್ವಲ್ಪ ಎತ್ತಿಕೊಂಡು ಗಾಳಿಯ ಸಂದು ಹೆಚ್ಚಾದರೆ ಸಂಕೇತ ದುರ್ಬಲವಾಗುತ್ತದೆ, ಆದರೆ ಶಿಖರ ಮುಟ್ಟುವ ಹೊತ್ತು ಬಹುಮಟ್ಟಿಗೆ ಬದಲಾಗದು. ಆದ್ದರಿಂದ ಅಳತೆ ಕೆಡುವುದಿಲ್ಲ. ಒಂದೇ ಸಲಕ್ಕೆ ಆರು ಆವರ್ತಗಳಷ್ಟು ಉದ್ದದ, ಅಂದರೆ 30 ಮಿ.ಮೀ.ಗೂ ಮಿಕ್ಕಿದ ಪಟ್ಟಿಗಳು ಒಟ್ಟಾಗಿ ಸಂಕೇತ ಕೊಡುವುದರಿಂದ ಯಾವುದೋ ಒಂದು ಪಟ್ಟಿಯ ಅಂಚು ಸರಿಯಾಗಿ ಮೂಡದಿದ್ದರೂ ಆ ದೋಷ ಸರಾಸರಿಯಲ್ಲಿ ಕರಗುತ್ತದೆ. ಸರ್ಕ್ಯೂಟ್ ಬೋರ್ಡುಗಳನ್ನು ತಯಾರಿಸುವ ಸಾಮಾನ್ಯ ವಿಧಾನದಿಂದಲೇ, ಬಟನ್ ಸೆಲ್ಲೊಂದರ ಬಲದಿಂದಲೇ, ನೂರನೇ ಒಂದು ಮಿಲಿಮೀಟರಿನ ಮಾತಾಡಬಲ್ಲ ಉಪಕರಣ ಸಾಧ್ಯವಾದದ್ದು ಈ ಕಾರಣದಿಂದ. ಅಗ್ಗವಾಗಿರುವುದು ಮೋಸದಿಂದಲ್ಲ.

ಹಾಗಾದರೆ ಎಡವುವುದೆಲ್ಲಿ? ಇಂಥ ಸ್ಕೇಲುಗಳು ತಂತಿಯ ಮೂಲಕ ಹೊರಗೆ ಕಳುಹಿಸುವ ಮಾಹಿತಿಯ ಒಂದು ಪ್ರಚಲಿತ ಕ್ರಮದಲ್ಲಿ ಇಂಚಿಗೆ 20,480 ಎಣಿಕೆಗಳಿರುತ್ತವೆ. ಅಂದರೆ 5.08 ಮಿ.ಮೀ. ಆವರ್ತವನ್ನು 4096 ಭಾಗ ಮಾಡಿದಂತಾಗಿ, ಒಂದು ಎಣಿಕೆಗೆ ಸುಮಾರು 1.24 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಆಗುತ್ತದೆ. ಇದನ್ನು ನೋಡಿ ಸ್ಕೇಲು ಮೈಕ್ರಾನ್ ಮಟ್ಟದ್ದು ಎಂದುಕೊಂಡರೆ ಕೆಟ್ಟಿತು. ಎಷ್ಟು ಚಿಕ್ಕ ಭಾಗವನ್ನು ತೋರಿಸಬಲ್ಲದು ಎಂಬುದು ಬೇರೆ, ತೋರಿಸಿದ್ದು ನಿಜಕ್ಕೆ ಎಷ್ಟು ಹತ್ತಿರ ಎಂಬುದು ಬೇರೆ. 150 ಮಿ.ಮೀ.ಯ ಸಾಮಾನ್ಯ ಡಿಜಿಟಲ್ ಕ್ಯಾಲಿಪರಿನ ನಿಖರತೆಯನ್ನು ತಯಾರಕರೇ 0.02 ಮಿ.ಮೀ. ಹೆಚ್ಚುಕಮ್ಮಿ ಎನ್ನುತ್ತಾರೆ, 300 ಮಿ.ಮೀ.ಯದಕ್ಕೆ 0.03. ಸಂಕೇತದ ಜರುಗುವಿಕೆ ಆವರ್ತದೊಳಗೆ ಪರಿಪೂರ್ಣ ಸಮಪ್ರಮಾಣದಲ್ಲಿರುವುದಿಲ್ಲವಾದ್ದರಿಂದ, ಪ್ರತಿ 5.08 ಮಿ.ಮೀ.ಯೊಳಗೂ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ತೋರುವ ಚಿಕ್ಕ ದೋಷವೊಂದು ಮರುಕಳಿಸುತ್ತಿರುತ್ತದೆ.

ಈ ದೋಷ ಕಣ್ಣಿಗೆ ಬೀಳದಿರುವುದಕ್ಕೆ ಒಂದು ಸ್ವಾರಸ್ಯದ ಕಾರಣವಿದೆ. ಸ್ಕೇಲನ್ನು ಪರೀಕ್ಷಿಸುವವರು ಸ್ಲಿಪ್ ಗೇಜುಗಳನ್ನು (ನಿಖರ ಅಳತೆಯ ತುಂಡುಗಳನ್ನು) ಇಟ್ಟು 5, 10, 15, 20 ಮಿ.ಮೀ. ಎಂದು ನೋಡುತ್ತ ಹೋಗುತ್ತಾರೆ. ಆವರ್ತ 5.08 ಮಿ.ಮೀ. ಆಗಿರುವುದರಿಂದ ಐದೈದರ ಹೆಜ್ಜೆಯಲ್ಲಿ ಹೋದಾಗ ಪ್ರತಿಸಲವೂ ಆವರ್ತದ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ನಿಲ್ಲುತ್ತೇವೆ, ಹೆಜ್ಜೆಗೆ 0.08 ಮಿ.ಮೀ. ಮಾತ್ರ ವ್ಯತ್ಯಾಸ. ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅದೇ ಸ್ಕೇಲನ್ನು 1, 2, 3, 4 ಮಿ.ಮೀ.ಗಳಲ್ಲಿ ನೋಡಿದರೆ ಅಡಗಿದ್ದ ದೋಷ ಹೊರಗೆ ಬರುತ್ತದೆ. 87 ತುಂಡುಗಳ ಸಾಮಾನ್ಯ ಸ್ಲಿಪ್ ಗೇಜ್ ಪೆಟ್ಟಿಗೆಯಲ್ಲಿ 0.5ರಿಂದ 9.5 ಮಿ.ಮೀ.ವರೆಗೆ ಅರ್ಧರ್ಧ ಮಿಲಿಮೀಟರಿನ ತುಂಡುಗಳು ಇದ್ದೇ ಇರುವುದರಿಂದ ಇದಕ್ಕೆ ಹೊಸ ಖರ್ಚೇನೂ ಇಲ್ಲ.

ಕೆಪಾಸಿಟರ್ ಸ್ಕೇಲಿನ ನಿಜವಾದ ಶತ್ರು ನೀರು. ಗಾಳಿಯ ಬದಲು ಎಣ್ಣೆ ಸಂದಿಗೆ ಬಂದರೆ ಕೆಪಾಸಿಟರಿನ ಬಲ ಎರಡು ಮೂರು ಪಟ್ಟಾಗುತ್ತದೆ. ನೀರು ಬಂದರೆ ಸುಮಾರು 80 ಪಟ್ಟು, ಅದರ ಜೊತೆಗೆ ವಿದ್ಯುತ್ತು ಪಟ್ಟಿಯಿಂದ ಪಟ್ಟಿಗೆ ಸೋರುತ್ತದೆ. ನೀರು ಬೆರೆಸಿದ ಹಾಲುಬಣ್ಣದ ಕೂಲೆಂಟು (ಕತ್ತರಿಸುವಾಗ ತಂಪಿಗೆಂದು ಸುರಿಯುವ ದ್ರವ) ಒಂದು ಹನಿ ಒಳಗೆ ಹೋದರೆ ಅಂಕಿಗಳು ಹುಚ್ಚೆದ್ದು ಕುಣಿಯುವುದು ಇದರಿಂದ. ಒಣಗಿದ ಮೇಲೆ ಸರಿಹೋಗುವುದುಂಟು, ಆದರೆ ಆ ನಡುವೆ ಎಣಿಕೆ ತಪ್ಪಿರುತ್ತದೆ. ಆದ್ದರಿಂದ ಸ್ಕೇಲನ್ನು ಯಂತ್ರದ ಹಿಂಬದಿಗೆ, ಮುಖ ಕೆಳಗೆ ಮಾಡಿ, ತಗಡಿನ ಮುಚ್ಚಳದ ಮರೆಯಲ್ಲಿ ಕೂಡಿಸಬೇಕು. ಆಯುಧಪೂಜೆಯ ದಿನ ಯಂತ್ರಕ್ಕೆ ನೀರು ಚಿಮುಕಿಸಿ ಅರಿಶಿನ ಕುಂಕುಮ ಹಚ್ಚುವಾಗ ಸ್ಕೇಲಿಗೆ ಮಾತ್ರ ಬಟ್ಟೆ ಹೊದಿಸಿದರೆ ದೇವರು ಬೇಸರಿಸಲಾರನು.

ವಿದ್ಯುತ್ತಿನ ವಿಚಾರದಲ್ಲಿ ಎರಡು ಮಾತು. ಇವು ಒಂದೂವರೆ ವೋಲ್ಟಿನಲ್ಲಿ ಕೆಲಸ ಮಾಡುವುದರಿಂದ ವೋಲ್ಟೇಜು ಸ್ವಲ್ಪ ಇಳಿದರೂ ಅಂಕಿಗಳು ಮಿನುಗತೊಡಗುತ್ತವೆ. ಬಳಸಿದಂತೆಲ್ಲ ವೋಲ್ಟೇಜು ಇಳಿಯುತ್ತ ಹೋಗುವ ಎಲ್‌ಆರ್44 ಸೆಲ್ಲಿಗಿಂತ, ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುವ ಸಿಲ್ವರ್ ಆಕ್ಸೈಡಿನ ಎಸ್‌ಆರ್44 ಲೇಸು. ಇಂಥ ಹಲವು ಸ್ಕೇಲುಗಳಲ್ಲಿ ಸೆಲ್ಲಿನ ಪಾಸಿಟಿವ್ ತುದಿ ಲೋಹದ ಪಟ್ಟಿಗೆ ಸೇರಿರುತ್ತದೆ ಎಂಬುದನ್ನು ಗಮನಿಸದೆ, ಎಲ್ಲ ಉಪಕರಣಗಳಲ್ಲಿಯೂ ನೆಗೆಟಿವ್ ತುದಿಯೇ ಲೋಹದ ಒಡಲಿಗೆ ಸೇರಿರುತ್ತದೆಂದು ಭಾವಿಸಿ ಅಡಾಪ್ಟರು ಕೂಡಿಸುವವರು, ಒಂದೇ ಯಂತ್ರದ ಕಬ್ಬಿಣಕ್ಕೆ ಮೂರು ಸ್ಕೇಲು ಬಿಗಿದಾಗ ತೊಂದರೆಗೆ ಸಿಲುಕುತ್ತಾರೆ. ಇನ್ನು, ಎರಡು ಅಳತೆಗಳ ನಡುವಿನ ಕ್ಷಣದಲ್ಲಿ ಸ್ಲೈಡು ಅರ್ಧ ಆವರ್ತಕ್ಕಿಂತ, ಅಂದರೆ 2.54 ಮಿ.ಮೀ.ಗಿಂತ ಹೆಚ್ಚು ಓಡಿಬಿಟ್ಟರೆ ಮುಂದೆ ಹೋಯಿತೋ ಹಿಂದೆ ಬಂದಿತೋ ಎಂಬುದು ಚಿಪ್ಪಿಗೆ ತಿಳಿಯದು. ಕ್ಯಾರೇಜನ್ನು (ಲೇತಿನ ಬೆಡ್ಡಿನ ಉದ್ದಕ್ಕೂ ಓಡಾಡುವ ಭಾಗವನ್ನು) ರಭಸದಿಂದ ತಳ್ಳಿದ ಮೇಲೆ ಅಳತೆ ಸರಿಯಾಗಿ ಒಂದು ಆವರ್ತದಷ್ಟು, ಅಂದರೆ 5.08 ಮಿ.ಮೀ. ತಪ್ಪಿದೆಯೆಂದರೆ ಇದೇ ಕಾರಣವೆಂದು ತಿಳಿಯಬಹುದು.

ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಗಾಜಿನ ಸ್ಕೇಲು. ಅಲ್ಯೂಮಿನಿಯಂ ಕೊಳವೆಯೊಳಗೆ ಗಾಜಿನ ಪಟ್ಟಿ, ಅದರ ಮೇಲೆ 20 ಮೈಕ್ರಾನಿಗೊಂದರಂತೆ ಗೆರೆಗಳು. ಅರ್ಧ ಮೀಟರಿನ ಸ್ಕೇಲಿನಲ್ಲಿ 25,000 ಗೆರೆಗಳಾದವು. ಓಡಾಡುವ ತಲೆಯಲ್ಲಿ ಒಂದು ಎಲ್‌ಇಡಿ, ಅಂಥದೇ ಗೆರೆಗಳ ಚಿಕ್ಕ ಗಾಜು, ಬೆಳಕನ್ನು ಗ್ರಹಿಸುವ ಸಂವೇದಕಗಳು ಇರುತ್ತವೆ. ಗೆರೆ ಗೆರೆಯನ್ನು ದಾಟಿದಂತೆ ಬೆಳಕು ಮೂಡಿ ಮರೆಯಾಗುತ್ತದೆ. ಕಾಲು ಆವರ್ತದ ಅಂತರದಲ್ಲಿ ಎರಡು ಸಂಕೇತಗಳನ್ನು ತೆಗೆಯುವುದರಿಂದ, ಯಾವುದು ಮೊದಲು ಬಂದಿತು ಎಂಬುದರ ಮೇಲೆ ದಿಕ್ಕು ಗೊತ್ತಾಗುತ್ತದೆ, 20 ಮೈಕ್ರಾನಿನ ಪ್ರತಿ ಆವರ್ತಕ್ಕೆ ನಾಲ್ಕು ಎಣಿಕೆ ಸಿಕ್ಕಿ 5 ಮೈಕ್ರಾನಿನ ಹೆಜ್ಜೆಯೂ ದೊರೆಯುತ್ತದೆ. 1 ಮೈಕ್ರಾನಿನವು ಎಂದು ಮಾರುವ ಸ್ಕೇಲುಗಳು ಸಾಮಾನ್ಯವಾಗಿ ಇದೇ ಗೆರೆಗಳನ್ನು ಎಲೆಕ್ಟ್ರಾನಿಕ್ ವಿಧಾನದಿಂದ ಇನ್ನಷ್ಟು ಭಾಗ ಮಾಡುವಂಥವು. ಲೇತಿನ ಕ್ರಾಸ್ ಸ್ಲೈಡಿಗೆ ಕೊಳ್ಳುವವರು ಒಂದು ಲೆಕ್ಕ ಮರೆಯಬಾರದು: ಜಾಬು ಸುತ್ತುತ್ತಿರುವುದರಿಂದ, ಟೂಲು 5 ಮೈಕ್ರಾನ್ ಸರಿದರೆ ಜಾಬಿನ ವ್ಯಾಸ 10 ಮೈಕ್ರಾನ್ ಬದಲಾಗುತ್ತದೆ. ಕ್ಯಾರೇಜಿಗೆ 5 ಮೈಕ್ರಾನಿನದು ಧಾರಾಳವಾಗಿ ಸಾಕು, ಕ್ರಾಸ್ ಸ್ಲೈಡಿಗೆ 1 ಮೈಕ್ರಾನಿನದಕ್ಕೆ ಕೊಟ್ಟ ಹೆಚ್ಚಿನ ಹಣ ವ್ಯರ್ಥವಲ್ಲ. ಉತ್ತರ ದಕ್ಷಿಣ ಧ್ರುವಗಳು ಸರದಿಯಲ್ಲಿ ಬರುವ ಮ್ಯಾಗ್ನೆಟಿಕ್ ಟೇಪಿನ ಸ್ಕೇಲುಗಳೂ ಈಗ ಸಿಗುತ್ತವೆ. ಎಣ್ಣೆ ನೀರುಗಳಿಗೆ ಅವು ಹೆದರುವುದಿಲ್ಲ, ಬೇಕಾದ ಉದ್ದಕ್ಕೆ ಕತ್ತರಿಸಿಕೊಳ್ಳಬಹುದು, ಕಬ್ಬಿಣದ ಪುಡಿ ಮಾತ್ರ ಅಂಟದಂತೆ ನೋಡಿಕೊಳ್ಳಬೇಕು.

ಸ್ಕೇಲು ಯಾವುದೇ ಇರಲಿ, ಅದನ್ನು ಕೂಡಿಸುವ ರೀತಿಯಲ್ಲಿಯೇ ಹೆಚ್ಚಿನ ನಿಖರತೆ ಸೋರಿಹೋಗುತ್ತದೆಂಬುದು ನನ್ನ ದೃಢ ಅಭಿಪ್ರಾಯ. ಸ್ಕೇಲು ಸ್ಲೈಡಿಗೆ ಕೂದಲಷ್ಟೂ ಓರೆಯಾಗಬಾರದೆಂದು ನಮ್ಮವರು ಅರ್ಧ ದಿನ ಡಯಲ್ ಗೇಜ್ ಹಿಡಿದು ಒದ್ದಾಡುತ್ತಾರೆ. 300 ಮಿ.ಮೀ. ಉದ್ದದಲ್ಲಿ ಸ್ಕೇಲು 1 ಮಿ.ಮೀ. ಓರೆಯಾದರೂ ಅಳತೆಯಲ್ಲಿ ಬರುವ ತಪ್ಪು 2 ಮೈಕ್ರಾನಿಗಿಂತ ಕಡಿಮೆ. ಓರೆ ತೆಗೆಯಬೇಕಾದದ್ದು ತಲೆ ಬಿಗಿದು ಸ್ಕೇಲು ಹಾಳಾಗದಿರಲೆಂದು. ದೊಡ್ಡ ತಪ್ಪು ಬರುವುದು ಬೇರೆಡೆಯಿಂದ. ಸ್ಕೇಲಿನ ರೇಖೆಗೂ ಟೂಲು ಕತ್ತರಿಸುವ ರೇಖೆಗೂ ನಡುವಿನ ದೂರ ಹೆಚ್ಚಿದಷ್ಟೂ ಸ್ಲೈಡಿನ ಓಲಾಟ ಅಳತೆಯಲ್ಲಿ ಸೇರಿಕೊಳ್ಳುತ್ತದೆ ಎಂಬ ನಿಯಮವನ್ನು ಜರ್ಮನಿಯ ಅರ್ನ್ಸ್ಟ್ ಅಬ್ಬೆ 1890ರಲ್ಲಿಯೇ ಹೇಳಿದ್ದಾರೆ. ಸವೆದ ಸ್ಲೈಡು ಮೀಟರಿಗೆ 0.1 ಮಿ.ಮೀ.ಯಷ್ಟು ಓಲುತ್ತಿದ್ದು, ಸ್ಕೇಲು ಟೂಲಿನಿಂದ 200 ಮಿ.ಮೀ. ದೂರದಲ್ಲಿದ್ದರೆ 0.02 ಮಿ.ಮೀ. ತಪ್ಪು ಬಂದೇ ಬರುತ್ತದೆ. ಎಷ್ಟು ದುಬಾರಿ ಸ್ಕೇಲಾದರೂ ಅದನ್ನು ತಡೆಯಲಾರದು. ಜಿಬ್ (ಸ್ಲೈಡಿನ ಸಡಿಲ ತೆಗೆಯುವ ಪಟ್ಟಿ) ಬಿಗಿಮಾಡುವುದು, ಸ್ಕೇಲನ್ನು ಕತ್ತರಿಸುವ ರೇಖೆಗೆ ಆದಷ್ಟು ಹತ್ತಿರ ತರುವುದು, ತೆಳು ತಗಡಿನ ಬದಲು ದಪ್ಪ ಆಂಗಲ್ಲಿನಿಂದ ಬ್ರಾಕೆಟ್ ಮಾಡುವುದು, ಇವಕ್ಕೆ ಹಣಕ್ಕಿಂತ ವಿವೇಚನೆ ಹೆಚ್ಚು ಬೇಕು.

ನಮ್ಮ ಹವೆಯನ್ನೂ ಮರೆಯುವಂತಿಲ್ಲ. ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ನಿಗದಿಯಾದವು. ಕಲಬುರಗಿಯ ಬೇಸಿಗೆಯಲ್ಲಿ ಶೆಡ್ಡಿನೊಳಗೆ 40 ಡಿಗ್ರಿ ಇದೆಯೆನ್ನೋಣ. ಗಾಜು ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 8 ಮೈಕ್ರಾನ್ ಹಿಗ್ಗಿದರೆ ಉಕ್ಕು ಹನ್ನೊಂದೂವರೆಯಷ್ಟು ಹಿಗ್ಗುತ್ತದೆ. ಗಾಜಿನ ಸ್ಕೇಲಿನಲ್ಲಿ 300 ಮಿ.ಮೀ. ಎಂದು ನೋಡಿ ಕತ್ತರಿಸಿದ ಉಕ್ಕಿನ ಜಾಬು ತಣ್ಣಗಿನ ಪರೀಕ್ಷಾ ಕೊಠಡಿಗೆ ಹೋದಾಗ ಸುಮಾರು 0.02 ಮಿ.ಮೀ. ಕಡಿಮೆ ಬರುತ್ತದೆ, ಅಲ್ಯೂಮಿನಿಯಂ ಆದರೆ 0.09. ಆಗ ಬೈಸಿಕೊಳ್ಳುವುದು ಸ್ಕೇಲು.

ಇಷ್ಟನ್ನು ಲೆಕ್ಕಕ್ಕೆ ಹಿಡಿದರೆ ಯಾವ ಕೆಲಸಕ್ಕೆ ಯಾವುದು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಫ್ಲ್ಯಾಂಜಿನಲ್ಲಿ ಬೋಲ್ಟಿನ ತೂತುಗಳನ್ನು ಗುರುತಿಸಲು, ಕೀವೇ ಉದ್ದ ಹಿಡಿಯಲು, ಹತ್ತನೇ ಒಂದು ಮಿಲಿಮೀಟರಿನ ವಿನಾಯಿತಿ ಇರುವ ಯಾವುದೇ ಕೆಲಸಕ್ಕೆ ಅಗ್ಗದ ಕೆಪಾಸಿಟರ್ ಸ್ಕೇಲು ನಿಸ್ಸಂಶಯವಾಗಿ ಸಾಲುತ್ತದೆ, ಹಾಗೂ ಹ್ಯಾಂಡಲ್ಲಿನ ಸುತ್ತುಗಳನ್ನು ಎಣಿಸುವುದರಲ್ಲಿ ಆಗುತ್ತಿದ್ದ ತಪ್ಪುಗಳನ್ನು ಪೂರ್ತಿ ತಪ್ಪಿಸುತ್ತದೆ. 25 ಮಿ.ಮೀ. ತೂತಿಗೆ ಎಚ್7 (ಅಳತೆಯಲ್ಲಿ ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂದು ಹೇಳುವ ಸಂಕೇತ) ಎಂದು ಡ್ರಾಯಿಂಗಿನಲ್ಲಿದ್ದರೆ ಸಿಗುವ ಅವಕಾಶ ಕೇವಲ 21 ಮೈಕ್ರಾನ್. ಅದೇ ಅಳತೆಯ ಶಾಫ್ಟಿನ ಮೇಲೆ ಬೇರಿಂಗ್ ಕೂರುವ ಜಾಗಕ್ಕೆ ಕೆ6 ಎಂದಿದ್ದರೆ 13. ಅಲ್ಲಿ ಸ್ಕೇಲು ದಾರಿ ತೋರಿಸಬಹುದು, ಕೊನೆಯ ಸಲ ಕತ್ತರಿಸುವುದಕ್ಕೆ ಮೊದಲು ಮೈಕ್ರೋಮೀಟರನ್ನೋ ಬೋರ್ ಗೇಜನ್ನೋ ಹಿಡಿಯಲೇಬೇಕು.

ಆದ್ದರಿಂದ ನನ್ನ ಕೋರಿಕೆ ಎರಡು. ಮಾರುವವರು ಪೆಟ್ಟಿಗೆಯ ಮೇಲೆ 0.01 ಅಥವಾ 0.005 ಎಂದು ದಪ್ಪ ಅಕ್ಷರದಲ್ಲಿ ಹಾಕುವುದು ಪರದೆಯ ಕಡೆಯ ಅಂಕಿಯನ್ನು. ಪೂರ್ಣ ಉದ್ದಕ್ಕೆ ನಿಖರತೆ ಎಷ್ಟು ಎಂಬುದನ್ನೂ ಅಷ್ಟೇ ದಪ್ಪಕ್ಷರದಲ್ಲಿ ಮುದ್ರಿಸಬೇಕೆಂದು ಕೊಳ್ಳುವ ಸಣ್ಣ ಉದ್ಯಮಿಗಳ ಸಂಘಗಳು ಒತ್ತಾಯಿಸಬೇಕು. ಎರಡನೆಯದು ಸರ್ಕಾರದ ಕೈಯಲ್ಲಿರುವುದು. ಬೆಂಗಳೂರಿನವರಿಗೆ ತುಮಕೂರು ರಸ್ತೆಯಲ್ಲಿ ಸಿಎಂಟಿಐ (ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ) ಇದೆ; ರಾಯಚೂರಿನ ಅಥವಾ ಬೀದರಿನ ಒಂದು ಲೇತಿನ ಮಾಲೀಕ ಸಾವಿರ ರೂಪಾಯಿಯ ಸ್ಕೇಲನ್ನು ಪರೀಕ್ಷಿಸಲು ಅಲ್ಲಿಯವರೆಗೆ ಬರಲಾರ. ಆದರೆ ಸ್ಲಿಪ್ ಗೇಜುಗಳ ಪೆಟ್ಟಿಗೆ, ಡಯಲ್ ಗೇಜು, ಸರ್ಫೇಸ್ ಪ್ಲೇಟು ಇವು ಫಿಟ್ಟರ್ ಮತ್ತು ಟರ್ನರ್ ಕಲಿಸುವ ಐಟಿಐಗಳಲ್ಲಿಯೂ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳಲ್ಲಿಯೂ ಇರುವಂಥವೇ. ತಿಂಗಳಿಗೊಂದು ದಿನ, ಅಲ್ಪ ಶುಲ್ಕ ಪಡೆದು, ಸುತ್ತಲಿನ ವರ್ಕ್‌ಶಾಪಿನವರು ತರುವ ಸ್ಕೇಲು ಕ್ಯಾಲಿಪರುಗಳನ್ನು ವಿದ್ಯಾರ್ಥಿಗಳ ಕೈಯಿಂದಲೇ ಪರೀಕ್ಷೆ ಮಾಡಿಸಿ, ಎಲ್ಲಿ ಎಷ್ಟು ತಪ್ಪಿದೆ ಎಂಬ ಚೀಟಿ ಬರೆದುಕೊಡುವ ವ್ಯವಸ್ಥೆಯನ್ನು ಕೌಶಲ್ಯಾಭಿವೃದ್ಧಿ ಇಲಾಖೆ ಒಂದೆರಡು ಜಿಲ್ಲೆಗಳಲ್ಲಾದರೂ ಆರಂಭಿಸಿ ನೋಡಬಹುದು. ಪರೀಕ್ಷೆ ಐದರ ಹೆಜ್ಜೆಯಲ್ಲಿ ಅಲ್ಲ, ಒಂದರ ಹೆಜ್ಜೆಯಲ್ಲಿ ನಡೆಯಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ,
ತುಮಕೂರು